ಭತ್ತದ ನಡುವೆ ಬಿಟ್ಟ ಜಾಗ

ಕುದಿಸಿದ ಭತ್ತದ ವಾಸನೆ ಬಂದರೆ ಈಗಲೂ ನನ್ನ ಕಣ್ಣು ಆಕಾಶಕ್ಕೆ ಹೋಗುತ್ತದೆ.

ಅಪ್ಪ ವಾಯುಪಡೆಯಲ್ಲಿ ಪೈಲಟ್. ತಾಯಿಯಿಲ್ಲದ ನಾನು ಮಾನ್ವಿಯಲ್ಲಿ ಅಜ್ಜಿಯ ಹತ್ತಿರ ಇದ್ದೆ. ನಮ್ಮ ರೈಸ್ ಮಿಲ್ಲಿನ ಅಂಗಳದಲ್ಲಿ ಭತ್ತ ಒಣಹಾಕಿದಾಗಲೆಲ್ಲ ಅಜ್ಜಿ ನಡುವೆ ಗುಂಡಗೆ ಜಾಗ ಬಿಡಿಸುತ್ತಿದ್ದಳು. "ಮ್ಯಾಲಿಂದ ಅವಗ ಮನಿ ಗುರ್ತ ಸಿಗಬೇಕಲ್ಲ" ಅನ್ನುತ್ತಿದ್ದಳು. ವಿಮಾನದ ಸದ್ದಾದರೆ ಇಬ್ಬರೂ ಅಲ್ಲಿ ನಿಂತು ಕೈ ಬೀಸುತ್ತಿದ್ದೆವು.

ಒಂದು ಮಧ್ಯಾಹ್ನ ಅಪ್ಪನ ಪತ್ರ ಬಂತು. ಅಕ್ಷರ ಬಾರದ ಅಜ್ಜಿಗೆ ನಾನೇ ಓದಿದೆ. ಅಪ್ಪ ಬಡ್ತಿ ಸಿಕ್ಕಿ ದೊಡ್ಡ ಕಮಾಂಡರ್ ಆಗಿದ್ದ. ಇನ್ನು ಮೇಲೆ ಹಾರಾಟವಿಲ್ಲ, ದಿಲ್ಲಿಯಲ್ಲಿ ಆಫೀಸಿನ ಕೆಲಸ ಎಂದು ಬರೆದಿದ್ದ ಸಾಲನ್ನು ಮಾತ್ರ ನುಂಗಿಕೊಂಡೆ.

ಅಜ್ಜಿ ಸೆರಗು ಸಿಕ್ಕಿಸಿ ಎದ್ದಳು. "ಇನ್ನ ಭಾಳ ಎತ್ತರಕ್ಕ ಹಾರ್ತಾನ. ಜಾಗ ದೊಡ್ಡದು ಮಾಡೋಣು, ಬಾ ಯವ್ವಾ."

ಸುಡುವ ಭತ್ತವನ್ನು ನಾನೂ ಕಾಲಿನಿಂದ ಸರಿಸತೊಡಗಿದೆ.