ಮಗ್ಗದ ಮನೆಯಲ್ಲಿ ಮಾವನ ಕ್ಯಾಸೆಟ್

ಯಂತ್ರದ ಎಣ್ಣೆಯ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ದೊಡ್ಡಬಳ್ಳಾಪುರದ ತಾತನ ಮನೆಯಲ್ಲಿ ನಾಲ್ಕು ವಿದ್ಯುತ್ ಮಗ್ಗಗಳು ಒಟ್ಟಿಗೆ ಓಡುತ್ತಿದ್ದವು. ವಾದ್ಯತಂಡ ಕಟ್ಟಿ, ಅದರಲ್ಲಿ ತಾನೇ ಬೇಸ್ ಗಿಟಾರ್ ನುಡಿಸುತ್ತಿದ್ದ ನನ್ನ ಸೋದರಮಾವ ಒಂದು ಮಧ್ಯಾಹ್ನ ತನ್ನ ತಂಡದ ಜಾಝ್ ಕ್ಯಾಸೆಟ್ ತಂದು ಅಲ್ಲೇ ಟೇಪ್ ರೆಕಾರ್ಡರಿಗೆ ಹಾಕಿದ. ಯಾವ ಅಂಗಡಿಯವರೂ ಅದನ್ನು ಮಾರಾಟಕ್ಕೆ ಇಟ್ಟುಕೊಂಡಿರಲಿಲ್ಲ. ತನ್ನಪ್ಪ, ಅಂದರೆ ನಮ್ಮ ತಾತನಾದರೂ ಕೇಳಲಿ ಎಂಬುದು ಅವನ ಆಸೆ.

"ಬರೀ ಪೀಪಿ ಕೇಳ್ಸುತ್ತೆ. ನೀನೆಲ್ಲಪ್ಪಾ ಇದ್ರಲ್ಲಿ?" ಎಂದರು ತಾತ.

"ನಂದು ಕೆಳಗಿನ ಸ್ವರ. ಐದ್ ನಿಮಿಷ ಮಗ್ಗ ನಿಲ್ಸಪ್ಪ, ಕೇಳ್ಸುತ್ತೆ."

"ನಿಲ್ಸಿದ್ರೆ ಸೀರೆನ ನಿನ್ ಗಿಟಾರ್ ನೇಯುತ್ತಾ?"

ಅಷ್ಟರಲ್ಲಿ ಕರೆಂಟ್ ಹೋಗಿ ಮಗ್ಗಗಳು ನಿಂತವು. ಟೇಪ್ ರೆಕಾರ್ಡರ್ ಸೆಲ್ಲಿನದು, ನಿಲ್ಲಲಿಲ್ಲ. ಆ ತಗ್ಗಿನ ನಾದ ನೆಲದಿಂದ ಎದ್ದು ನನ್ನ ಅಂಗಾಲಿಗೆ ತಾಕಿತು. ನಿಜಕ್ಕೂ ತಾಕಿತೋ, ಆಮೇಲೆ ನಾನೇ ಕಲ್ಪಿಸಿಕೊಂಡೆನೋ, ಪ್ರಮಾಣ ಮಾಡಿ ಹೇಳಲಾರೆ. ತಾತನ ಮಾತಿನ ಬಗ್ಗೆ ಮಾತ್ರ ಅನುಮಾನವಿಲ್ಲ.

"ಕರೆಂಟ್ ಹೋಯ್ತಲ್ಲ, ಏಳ್ರಪ್ಪಾ, ಊಟ ಮುಗ್ಸ್ಬಿಡೋಣ."

ಉಳಿದವರೆಲ್ಲ ಎದ್ದು ಹೋದೆವು. ಮಾವ ಕೂತಲ್ಲೇ ಕೂತು ಸದ್ದು ಹೆಚ್ಚಿಸಿದ.

"ಸೆಲ್ ದಂಡ, ಯಾರಾದ್ರೂ ಆರಿಸ್ರೋ ಅದನ್ನ," ಎಂದು ತಾತ ಅಡುಗೆಮನೆಯಿಂದ ಕೂಗಿದರು.

ಮಾವ ಕದಲಲಿಲ್ಲ. ವಾಪಸ್ಸು ಹೋಗಿ ಗುಂಡಿ ಒತ್ತಿ ಆರಿಸಿದವನು ನಾನು.