ಕೈ ಬಿಟ್ಟ ಗಳಿಗೆ

"ಮೊದ್ಲು ಆ ಕೈ ಬುಡಮ್ಮ! ವಿಡಿಯೋದಲ್ಲಿ ಎಳ್ದಾಡಿದ್ದು ಸಾಲ್ದಾ?" ಮಳವಳ್ಳಿಗೆ ಹೋಗುವ ಪ್ರೈವೇಟ್ ಬಸ್ಸಿನಲ್ಲಿ ಪಕ್ಕದ ಸಾಲಿನ ಹೆಂಗಸು ಎದ್ದು ನಿಂತು ಜೋರು ಮಾಡಿದಾಗ, ಎಲ್ಲರೂ ಅರ್ಪಿತಳ ಕಡೆ ತಿರುಗಿದರು. ಅವಳು ಅತ್ತೆ ಸಣ್ಣತಾಯಮ್ಮನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಕೂತಿದ್ದಳು.

ಮದ್ದೂರಿನ ಪೇಟೆಬೀದಿಯಲ್ಲಿ ಅವಳು ಅತ್ತೆಯನ್ನು ದರದರ ಎಳೆಯುತ್ತಿದ್ದ ವಿಡಿಯೋ ಹೋದ ವಾರದಿಂದ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತು. ಮರೆವಿನ ಕಾಯಿಲೆಯ ಸಣ್ಣತಾಯಮ್ಮ ಅದಕ್ಕೂ ಮುಂಚೆ ಲಾರಿಗೆ ಅಡ್ಡ ನಡೆದಿದ್ದು ಮಾತ್ರ ಅದರಲ್ಲಿ ಇರಲಿಲ್ಲ. "ಅವ್ರಿಗೆ ಗ್ಯಾನ ಇರಕಿಲ್ಲ ಕಣಕ್ಕ," ಅಂದಳು ಅರ್ಪಿತ. "ನಾಟ್ಕ ಆಡ್ಬೇಡ!" ಅಂತ ಹಿಂದಿನಿಂದ ಒಬ್ಬ ಮೊಬೈಲು ಎತ್ತಿ ಹಿಡಿದ. ಅದನ್ನು ಕಂಡು ಅರ್ಪಿತ ಅತ್ತೆಯ ಕೈ ಬಿಟ್ಟುಬಿಟ್ಟಳು.

ಸಣ್ಣತಾಯಮ್ಮ ಎದ್ದೇ ಬಿಟ್ಟರು. "ಅಟ್ಟೀಲಿ ಕರ ಒಂದೇ ಅದೆ, ಓಯ್ತೀನಿ," ಎಂದು ಮನೆಯ ಕರುವನ್ನು ನೆನೆಯುತ್ತ, ಓಡುವ ಬಸ್ಸಿನ ತೆರೆದ ಬಾಗಿಲಿಗೆ ನಡೆದರು. ಅರ್ಪಿತ ಏಳುವಷ್ಟರಲ್ಲಿ ಆ ಹೆಂಗಸೇ ಚೀರಿಕೊಂಡು ಅವರ ತೋಳಿಗೆ ಕೈ ಹಾಕಿ, ರವಿಕೆ ಹರಿಯುವ ಹಾಗೆ ಒಳಕ್ಕೆ ಎಳೆದಳು. "ಸಾಯಿಸ್ತಾವ್ಳೆ, ಬುಡುಸ್ರಪ್ಪೋ!" ಎಂದು ಸಣ್ಣತಾಯಮ್ಮ ಬಸ್ಸೆಲ್ಲ ಕೇಳುವಂತೆ ಕೂಗಿಕೊಂಡರು. ಮೊಬೈಲು ಹಿಡಿದಿದ್ದವನು ಅದನ್ನು ಮೆಲ್ಲಗೆ ಕೆಳಗಿಳಿಸಿದ.

ಅರ್ಪಿತ, ಆ ಹೆಂಗಸು ಇಬ್ಬರೂ ಸೇರಿ ಸಣ್ಣತಾಯಮ್ಮನನ್ನು ನಡುವೆ ಕೂರಿಸಿಕೊಂಡರು. ಹೆಂಗಸು ಅವರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು. ಆಮೇಲೆ ಅರ್ಪಿತಳನ್ನು ತಗ್ಗಿದ ದನಿಯಲ್ಲಿ ಕೇಳಿದಳು: "ನಿದ್ದೆ ಗಿದ್ದೆ ಮಾಡ್ತೀಯೇನವ್ವ ನೀನು?" ಕಂಡವರೆಲ್ಲ ಬೈದಾಗಲೂ ಅಳದಿದ್ದ ಅರ್ಪಿತ, ವೇಲನ್ನು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು.