ಶೀಸೆಯೊಳಗಿನ ಉಣುಗು

ಸೋಮವಾರ ಬೆಳಿಗ್ಗೆ ನಡೆದದ್ದರ ಅನುಕ್ರಮ ಹೀಗಿತ್ತು: ಮೊದಲು ದವಾಖಾನೆಯ ಬಾಗಿಲು ಗೋಡೆಗೆ ಬಡಿಯಿತು, ನಂತರ ಮೇಜಿನ ಮೇಲೆ ಗಾಜಿನ ಶೀಸೆಯೊಂದು ಟಕ್ಕೆಂದು ಕೂತಿತು, ಆಮೇಲಷ್ಟೇ ಮಾತು ಬಂತು.

"ಉಣುಗು ಕಚ್ಚಿದೆ. ನೋಡಿ."

ವೈದ್ಯೆ ತಲೆಯೆತ್ತಲಿಲ್ಲ. ದನಿಯಲ್ಲೇ ಗೊತ್ತಾಯಿತು, ತಮ್ಮನ ಹೆಂಡತಿ. ಕಳೆದ ವರ್ಷ ತವರಿಗೆ ಹೊರಟಿದ್ದ ಅವಳನ್ನು ಅಕ್ಕ ತಮ್ಮ ಇಬ್ಬರೂ ಸೇರಿ ಬಸ್ಸಿನಿಂದ ಇಳಿಸಿ ಮನೆಗೆ ಕರೆತಂದಿದ್ದರು. ಅಂದಿನಿಂದ ಅವಳು "ಅತ್ತಿಗೆ" ಎನ್ನುವುದನ್ನು ಬಿಟ್ಟಿದ್ದಳು.

"ಕೂತ್ಕೋ."

"ಬೇಡಿ, ನಿಂತೇ ಇರ್ತೀನಿ."

ಸೊಕ್ಕು, ಎಂದುಕೊಂಡಳು ವೈದ್ಯೆ. ಉಗುರಿನ ಸಂದಿಯಲ್ಲಿ ಬೇರೆ ಸುಣ್ಣ ಮೆತ್ತಿಕೊಂಡಿದೆ. ದವಾಖಾನೆಗೆ ಬರುವಾಗ ಕೈ ತೊಳೆದು ಬರಬೇಕೆಂಬ ಜ್ಞಾನವೂ ಇಲ್ಲ.

ಶೀಸೆಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದಳು. ಉಣುಗು ರಕ್ತ ಹೀರಿ ಹರಳುಬೀಜದಂತೆ ಊದಿ ಬೂದು ಬಣ್ಣಕ್ಕೆ ತಿರುಗಿತ್ತು. ಮೂತಿ ಮುರಿಯದೆ ಬಂದಿತ್ತು.

"ಕಿತ್ತಿದ್ದು ಯಾರು?"

"ನಾನೇ, ನಿನ್ನೆ ಸಂಜೆ. ಕನ್ನಡಿ, ಚಿಮಟ, ಸ್ಪಿರಿಟ್ಟು ಎಲ್ಲಾ ಹತ್ತಿರ ಇಟ್ಕೊಂಡು ಕಿತ್ತೆ. ನೀವು ಹೇಳ್ಕೊಡೋ ಹಾಗೇ."

"ಎಲ್ಲಿ ಕಚ್ಚಿತ್ತು?"

"ಹಿಂದುಗಡೆ. ಸುಲಭಕ್ಕೆ ಕಣ್ಣಿಗೆ ಬೀಳೋ ಜಾಗ ಅಲ್ಲ."

"ಅವನ್ಯಾಕೆ ಬರಲಿಲ್ಲ?"

"ನಾನು ಕರೆದ ಕಡೆಗೆ ನಿಮ್ಮ ತಮ್ಮ ಯಾವತ್ತು ಬಂದಿದ್ದಾರೆ?"

ವೈದ್ಯೆ ಶೀಸೆಯನ್ನು ಕೆಳಗಿಟ್ಟಳು. ತಮ್ಮನ ಹೆಂಡತಿ ಮೇಜಿನ ಮೇಲೆ ಬಾಗಿದಳು.

"ಇಷ್ಟು ಊದಬೇಕಾದ್ರೆ ಎಷ್ಟು ದಿನ ಕಚ್ಚಿಕೊಂಡಿರಬೇಕು, ಡಾಕ್ಟ್ರೇ? ಕಾಡಂಚಿಗೆ ಕಾಲಿಡದೆ ಇಂಥದ್ದು ಮೈಗೆ ಹತ್ತುತ್ತಾ?"

ಎರಡೂ ಪ್ರಶ್ನೆಗಳ ಉತ್ತರ ವೈದ್ಯೆಗೆ ತಿಳಿದಿತ್ತು. ಎರಡೂ ಅವಳಿಗೆ ಬೇಡವಾಗಿದ್ದವು.

ಕಾಡಂಚಿನಲ್ಲಿದ್ದದ್ದು ಸಾರಾಯಿ ಅಂಗಡಿ. ಪೊದೆಗಳ ನಡುವಿನ ಕಾಲುದಾರಿ ಬಿಟ್ಟರೆ ಅಲ್ಲಿಗೆ ಬೇರೆ ದಾರಿಯಿಲ್ಲ. ಮುದ್ರಣಾಲಯದಲ್ಲಿ ಕೆಲಸ ಮಾಡುವ ತಮ್ಮ, ಇನ್ನು ಅತ್ತ ತಲೆ ಹಾಕುವುದಿಲ್ಲವೆಂದು ಅಕ್ಕನ ತಲೆ ಮುಟ್ಟಿ ಆಣೆ ಮಾಡಿದ್ದ. ಅದನ್ನು ನಂಬಿ, ಬಸ್ಸಿನಿಂದ ಇಳಿಸಿದ ದಿನ ವೈದ್ಯೆ ಅವನ ಹೆಂಡತಿಗೆ ಮಾತು ಕೊಟ್ಟಿದ್ದಳು: "ಅವನು ಮತ್ತೆ ಅಲ್ಲಿಗೆ ಹೋದರೆ ನೀನು ಬೇಕಾದ ಕಡೆ ಹೋಗು. ತಡೆಯೋದಿಲ್ಲ."

ವೈದ್ಯಶಾಸ್ತ್ರದ ನಿಯಮ ಸರಳವಾಗಿತ್ತು. ಆ ಸೀಮೆಯ ಉಣುಗು ಒಂದೂವರೆ ದಿನಕ್ಕಿಂತ ಹೆಚ್ಚು ಕಚ್ಚಿಕೊಂಡಿದ್ದರೆ ರೋಗಾಣು ರಕ್ತಕ್ಕಿಳಿಯುವ ಭಯವಿದೆ. ಕಿತ್ತ ಮೂರು ದಿನದೊಳಗೆ ಆ್ಯಂಟಿಬಯೋಟಿಕ್ ಒಮ್ಮೆ ನುಂಗಿದರೆ ಸಾಕು. ಕಡೆಗಣಿಸಿದರೆ ಕೀಲು ಹಿಡಿಯಬಹುದು, ಹೃದಯಕ್ಕೂ ತಾಗಬಹುದು. ಮಾತ್ರೆ ಕೊಟ್ಟರೆ ತಮ್ಮ ಆಣೆ ಮುರಿದನೆಂದು ಒಪ್ಪಿದಂತೆ. ಕೊಡದಿದ್ದರೆ ಅವನ ಮೈಯನ್ನು ಪಣಕ್ಕಿಟ್ಟಂತೆ. ಸುತ್ತಮುತ್ತ ಬೇರೆ ದವಾಖಾನೆ ಇರಲಿಲ್ಲ.

ಅವಳು ಮುದ್ರಣಾಲಯಕ್ಕೆ ಫೋನ್ ಮಾಡಿದಳು.

"ಕಾಡಂಚಿಗೆ ಹೋಗಿದ್ದೆಯೇನೋ?"

"ಇಲ್ಲ ಅಕ್ಕ, ನಿನ್ನಾಣೆ."

"ಮತ್ತೆ ಉಣುಗು?"

"ಯಾವ ಉಣುಗು?"

ವೈದ್ಯೆ ಫೋನ್ ಇಟ್ಟಳು. ಕಳೆದ ವರ್ಷ ಬಾಯಿ ಗಮ್ಮೆನ್ನುತ್ತಿದ್ದಾಗಲೂ ಅವನು ಇದೇ ದನಿಯಲ್ಲಿ "ಯಾವ ಬಾಟಲಿ?" ಎಂದಿದ್ದ. ಹುಟ್ಟುಗುಣ ಸುಟ್ಟರೂ ಹೋಗದು. ಮನುಷ್ಯ ಸುಳ್ಳು ಹೇಳಬಲ್ಲ, ಊದಿದ ಉಣುಗು ಹೇಳಲಾರದು.

ಅವಳು ಕಪಾಟು ತೆರೆದು ಮಾತ್ರೆಗಳನ್ನು ತೆಗೆದಳು.

"ಮಾತ್ರೆ ನಿಮ್ಮ ಕಣ್ಣೆದುರೇ ನುಂಗಬೇಕು ಅನ್ನೋದು ಇಲ್ಲಿನ ಪದ್ಧತಿ ಅಲ್ವಾ?" ಎಂದಳು ತಮ್ಮನ ಹೆಂಡತಿ.

"ನುಂಗೋರು ಇಲ್ಲಿದ್ದರೆ ತಾನೇ? ತಗೊಂಡು ಹೋಗು. ಊಟ ಆದ ಮೇಲೆ, ತುಂಬಿದ ಲೋಟ ನೀರಲ್ಲಿ. ನುಂಗಿದ ತಕ್ಷಣ ಮಲಗಬಾರದು."

"ಮಲಗೋಕೆ ಪುರುಸೊತ್ತೆಲ್ಲಿ? ಬೇಕಾದಷ್ಟು ಕೆಲಸ ಇದೆ." ಅವಳು ಮಾತ್ರೆಗಳನ್ನು ಸೆರಗಿನ ತುದಿಗೆ ಗಂಟು ಹಾಕಿದಳು. "ನೀವು ಕೊಟ್ಟ ಮಾತು?"

ವೈದ್ಯೆ ಕಪಾಟು ಮುಚ್ಚಿದಳು. "ಹೋಗು. ನಾನು ಅಡ್ಡ ಬರೋದಿಲ್ಲ, ಅವನನ್ನೂ ಬರೋಕೆ ಬಿಡೋದಿಲ್ಲ."

ಮೊದಲ ಬಾರಿ ಅವಳು ನಕ್ಕಳು. "ಬರ್ತೀನಿ ಅತ್ತಿಗೆ." ಮೆಟ್ಟಿಲಿಳಿಯುವಾಗ ಒಂದು ಕಾಲನ್ನು ಸ್ವಲ್ಪ ಎಳೆದು ಹಾಕುತ್ತಿದ್ದಳು. ಬೀಗುವ ನಡಿಗೆಯೇ ಹಾಗೆ, ಎಂದುಕೊಂಡಳು ವೈದ್ಯೆ.

ಸಂಜೆ ತಮ್ಮ ಬಂದ. ಅಂಗೈಯಲ್ಲಿ ಮಸಿ, ಕಣ್ಣಲ್ಲಿ ಕೆಂಡ.

"ಅವಳು ಪೆಟ್ಟಿಗೆ ಎತ್ಕೊಂಡು ಹೋದಳು. ನೀನೇ ಹೋಗು ಅಂದೆಯಂತೆ!"

"ನೀನು ಮಾಡಿದ ಘನಕಾರ್ಯಕ್ಕೆ ಆರತಿ ಎತ್ತಬೇಕಿತ್ತಾ? ಮಾತ್ರೆ ನುಂಗಿದೆಯಾ?"

"ಯಾವ ಮಾತ್ರೆ? ಅವಳು ನನಗೆ ನೀರೂ ಕೊಟ್ಟಿಲ್ಲ."

"ಅಂಗಿ ಬಿಚ್ಚು."

ಅವನು ಬೈಯುತ್ತಲೇ ಬಿಚ್ಚಿದ. ವೈದ್ಯೆ ದೀಪವನ್ನು ಹತ್ತಿರ ಎಳೆದು, ಕತ್ತಿನಿಂದ ಹಿಮ್ಮಡಿಯವರೆಗೆ, ಭೂತಗನ್ನಡಿಯಲ್ಲಿ ಒಂದಂಗುಲವೂ ಬಿಡದೆ ನೋಡಿದಳು. ಕಡಿತವಿಲ್ಲ. ಕೆಂಪಿಲ್ಲ. ಬಾಯಲ್ಲಿ ವಾಸನೆಯೂ ಇಲ್ಲ.

"ಎಲ್ಲಿಗೆ ಹೋದಳು?" ಅವಳ ದನಿ ತಗ್ಗಿತ್ತು.

"ಕಾಡಂಚಲ್ಲಿ ಒಂದು ಹಳೇ ಮನೆ ಹಿಡಿದಿದ್ದಾಳಂತೆ. ಹೋದ ವಾರ ಪೂರ್ತಿ ನಾನು ಕೆಲಸಕ್ಕೆ ಹೋದ ಮೇಲೆ ಅಲ್ಲಿಗೆ ಹೋಗಿ, ಪೊದೆ ಸವರಿ, ಗೋಡೆಗೆ ಸುಣ್ಣ ಬಳಿದು ಬರ್ತಿದ್ದಳಂತೆ. ಮುಖಕ್ಕೆ ಹೊಡೆದ ಹಾಗೆ ಹೇಳಿ ಹೋದಳು."

ವೈದ್ಯೆ ಶೀಸೆಯನ್ನು ಮತ್ತೆ ಬೆಳಕಿಗೆ ಹಿಡಿದಳು. ಉಣುಗು ಸುಳ್ಳು ಹೇಳಿರಲಿಲ್ಲ. ತಮ್ಮನ ಹೆಂಡತಿಯೂ ಹೇಳಿರಲಿಲ್ಲ. ಕಚ್ಚಿದ್ದು ಯಾರಿಗೆಂದು ವೈದ್ಯೆ ಅವಳನ್ನು ಕೇಳಿಯೇ ಇರಲಿಲ್ಲ.

ಬೇರೆಯವರ ಮೈಯಿಂದ ಉಣುಗು ಕೀಳಲು ಯಾರಿಗೂ ಕನ್ನಡಿ ಬೇಕಾಗುವುದಿಲ್ಲ.